ಆತಕೂರಿನ ಕಾಳಿಯಿಂದ ಬುಡಾಪೆಸ್ಟಿನವರೆಗೆ: ನಾಯಿ ಮನುಷ್ಯನನ್ನು ಅರಿತ ಚರಿತ್ರೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಕನ್ನಡ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಬಲ್ಲರು. ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಈ ಶಾಸನವನ್ನು ಇತಿಹಾಸಕಾರರು ಹೆಚ್ಚಾಗಿ ಉದಾಹರಿಸುವುದು ತಕ್ಕೋಲದ ಕದನದ ಸಲುವಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದದ್ದು, ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದದ್ದು ಇದರಿಂದ ತಿಳಿಯುತ್ತದೆ. ಆದರೆ ಆ ಕಲ್ಲನ್ನು ನೆಟ್ಟದ್ದು ಯಾವ ಅರಸನಿಗಾಗಿಯೂ ಅಲ್ಲ, ಒಂದು ನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡಲಿಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆ ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ದೇವಾಲಯದ ಗೊರವನು ಅದನ್ನು ಪೂಜಿಸಬೇಕೆಂದು ವಿಧಿಸಲಾಯಿತು. ಕಲ್ಲಿನ ಮೇಲೆ ಕಾಳಿಯೂ ಹಂದಿಯೂ ಸೆಣಸುವ ದೃಶ್ಯವನ್ನು ಕಂಡರಿಸಲಾಗಿದೆ.

ಈ ಕಲ್ಲು ನಾಯಿಯ ಶೌರ್ಯವನ್ನು ಹೇಳುತ್ತದೆ, ಒಡೆಯನ ಅಕ್ಕರೆಯನ್ನೂ ಹೇಳುತ್ತದೆ. ಮಣಲೇರನ ಮಾತು, ಸನ್ನೆ, ಶಿಳ್ಳೆಗಳನ್ನು ಕಾಳಿ ಎಷ್ಟರಮಟ್ಟಿಗೆ ಅರಿಯುತ್ತಿತ್ತು, ಕಾಳಿಯ ಬೊಗಳು, ಕಿವಿ, ಬಾಲಗಳನ್ನು ಮಣಲೇರನು ಎಷ್ಟು ಅರಿಯುತ್ತಿದ್ದನು ಎಂಬುದನ್ನು ಅದು ಹೇಳುವುದಿಲ್ಲ. ಹೇಳಬೇಕೆಂದು ಆಗ ಯಾರಿಗೂ ಅನ್ನಿಸಿರಲಾರದು. ನಾಯಿಯ ನಿಷ್ಠೆಯನ್ನು ಹಾಡಿ ಹೊಗಳಿದ ನಮ್ಮ ಪರಂಪರೆ ಅದರ ತಿಳಿವಳಿಕೆಯನ್ನು ಒಂದು ಪ್ರಶ್ನೆಯಾಗಿ ಕೇಳಿಕೊಂಡದ್ದು ಬಹಳ ಕಡಿಮೆ. ಆ ಪ್ರಶ್ನೆಯನ್ನು ಕೇಳಿದವರ ಚರಿತ್ರೆ ಸುಮಾರು ನೂರೈವತ್ತು ವರ್ಷಗಳದ್ದು. ಅದನ್ನು ಹಿಂಬಾಲಿಸಿದರೆ ನಮಗೆ ಎರಡು ಉತ್ತರಗಳು ದೊರೆಯುತ್ತವೆ. ನಾಯಿಯು ಮನುಷ್ಯನನ್ನು ಬಲ್ಲದೆ ಎಂಬುದಕ್ಕೆ ದೊರೆಯುವ ಉತ್ತರ ದಿನೇ ದಿನೇ ಗಟ್ಟಿಯಾಗಿದೆ. ಮನುಷ್ಯನು ನಾಯಿಯನ್ನು ಬಲ್ಲನೆ ಎಂಬುದಕ್ಕೆ ದೊರೆಯುವ ಉತ್ತರ ನಮ್ಮನ್ನು ಸ್ವಲ್ಪ ತಲೆತಗ್ಗಿಸುವಂತೆ ಮಾಡುತ್ತದೆ.

ನಂಟು ಹಳೆಯದು. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಇಬ್ಬರು ಮನುಷ್ಯರ ಅಸ್ಥಿಗಳ ಜೊತೆಗೆ ನಾಯಿಯ ಅಸ್ಥಿಗಳೂ ದೊರೆತವು. ಅವು ಸುಮಾರು 14,000 ವರ್ಷಗಳಷ್ಟು ಹಳೆಯವು. ಅದು ಏಳು ತಿಂಗಳ ಆಸುಪಾಸಿನ ಮರಿ. ಅದರ ಹಲ್ಲುಗಳನ್ನು ಪರೀಕ್ಷಿಸಿದ ಸಂಶೋಧಕರು, ಡಿಸ್ಟೆಂಪರ್ ಎಂಬ ಮಾರಕ ರೋಗ ಅದನ್ನು ವಾರಗಟ್ಟಲೆ ಕಾಡಿತ್ತೆಂದೂ ಯಾರಾದರೂ ಆರೈಕೆ ಮಾಡದೆ ಅದು ಅಷ್ಟು ದಿನ ಬದುಕಿರಲಾರದೆಂದೂ ತರ್ಕಿಸಿದ್ದಾರೆ. ಬೇಟೆಗೂ ಕಾವಲಿಗೂ ಬಾರದ ರೋಗಿಷ್ಠ ಮರಿಯನ್ನು ಉಪಚರಿಸಿದವರಿಗೆ ಅದರ ಸಂಕಟ ತಿಳಿದಿರಲೇಬೇಕು.

ನಮ್ಮ ಪುರಾಣಗಳಲ್ಲಿ ನಾಯಿ ನೇರವಾಗಿ ಮಾತನಾಡುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸರಮೆಯೆಂಬ ಹೆಣ್ಣುನಾಯಿ ಇಂದ್ರನ ದೂತಿಯಾಗಿ ಪಣಿಗಳೊಡನೆ ವಾದಿಸುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಕಥೆ ಇನ್ನೊಂದು ಬಗೆಯದು. ಜನಮೇಜಯನ ಯಾಗಶಾಲೆಗೆ ಬಂದ ಅವಳ ಮರಿಯನ್ನು ಅರಸನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅಳುತ್ತ ಬಂದ ಮಗನನ್ನು ಸರಮೆ ವಿಚಾರಿಸಿ, ಅವನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ ಎಂದು ತಿಳಿದು, ಯಾಗಶಾಲೆಗೆ ಹೋಗಿ ತಪ್ಪಿಲ್ಲದವನನ್ನು ಹೊಡೆದದ್ದೇಕೆಂದು ಕೇಳುತ್ತಾಳೆ. ಅವರಲ್ಲಿ ಉತ್ತರವಿರಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಆಕೆ ಶಪಿಸುತ್ತಾಳೆ. ತಪ್ಪು ಮಾಡದ ನಾಯಿಗೆ ಬಿದ್ದ ಈ ಪೆಟ್ಟಿನ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಆಧುನಿಕ ರೂಪವೊಂದು ಮುಂದೆ ಬರಲಿದೆ.

ವಿಷಯವನ್ನು ಶಾಸ್ತ್ರದ ಅಂಗಳಕ್ಕೆ ತಂದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖರು. ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನಾಯಿಗೆ ದೊಡ್ಡ ಸ್ಥಾನವಿದೆ. ಕೆರಳಿದ ನಾಯಿ ಮೈ ನೆಟ್ಟಗೆ ಮಾಡಿ, ಬಾಲವೆತ್ತಿ, ರೋಮ ನಿಮಿರಿಸಿ ನಿಲ್ಲುತ್ತದೆ. ಅದೇ ನಾಯಿ ಬಂದವನು ಒಡೆಯನೆಂದು ಗುರುತಿಸಿದೊಡನೆ ಮೈ ಬಾಗಿಸಿ, ಬಾಲ ಇಳಿಸಿ ಅಲ್ಲಾಡಿಸುತ್ತದೆ. ಭಾವಗಳು ವಿರುದ್ಧವಾದರೆ ಭಂಗಿಗಳೂ ವಿರುದ್ಧವಾಗುತ್ತವೆ ಎಂದು ಡಾರ್ವಿನ್ ಇದರಿಂದ ಸೂತ್ರವೊಂದನ್ನು ಕಟ್ಟಿದರು. ಅವರ ಮನೆಯ ನಾಯಿಯೊಂದು ತಿರುಗಾಟಕ್ಕೆ ಹೊರಟಾಗ ಉಲ್ಲಾಸದಿಂದ ಮುಂದೆ ಹೋಗುತ್ತಿತ್ತು. ಆದರೆ ಡಾರ್ವಿನ್ ತಮ್ಮ ಗಿಡಗಳನ್ನು ನೋಡಲು ಗಾಜಿನ ಮನೆಯ ದಾರಿಗೆ ಮೈ ತಿರುಗಿಸಿದರೆ ಸಾಕು, ತಿರುಗಾಟ ನಿಂತೀತೆಂದು ಅದರ ತಲೆ, ಕಿವಿ, ಬಾಲಗಳೆಲ್ಲ ಜೋತುಬೀಳುತ್ತಿದ್ದವು. ಮನೆಯವರು ಅದರ ಆ ಮುಖಕ್ಕೆ ಗಾಜಿನ ಮನೆಯ ಮುಖವೆಂದೇ ಹೆಸರಿಟ್ಟಿದ್ದರು. ಇಲ್ಲಿ ನಾಯಿ ಓದಿದ್ದು ಒಂದು ಮಾತನ್ನಲ್ಲ, ಒಡೆಯನ ಮೈ ತಿರುಗಿದ ದಿಕ್ಕನ್ನು.

ಡಾರ್ವಿನ್ನರ ನೆರೆಯವರೂ ಸ್ನೇಹಿತರೂ ಆಗಿದ್ದ ಜಾನ್ ಲಬ್ಬಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1880ರ ದಶಕದಲ್ಲಿ ತಮ್ಮ ವ್ಯಾನ್ ಎಂಬ ಕರಿಯ ಪೂಡಲ್ ನಾಯಿಗೆ ರಟ್ಟಿನ ಚೀಟಿಗಳ ಮೇಲೆ ದಪ್ಪಕ್ಷರದಲ್ಲಿ ‘ಆಹಾರ’, ‘ಹೊರಗೆ’ ಮುಂತಾದ ಪದಗಳನ್ನು ಬರೆದುಕೊಟ್ಟರು. ಹಸಿದಾಗ ಒಂದು ಚೀಟಿ, ತಿರುಗಾಟ ಬೇಕಾದಾಗ ಇನ್ನೊಂದು ಚೀಟಿ ತರುವುದನ್ನು ವ್ಯಾನ್ ಕಲಿಯಿತು. ನಾವು ನಾಯಿಗೆ ನಮ್ಮ ಇಚ್ಛೆಯನ್ನು ಕಲಿಸಲು ಹೊರಡುತ್ತೇವೆಯೇ ಹೊರತು ಅದರ ಇಚ್ಛೆಯನ್ನು ತಿಳಿಯಲು ದಾರಿ ಮಾಡಿಕೊಡುವುದಿಲ್ಲ ಎಂಬ ಕೊರತೆ ಲಬ್ಬಕ್ಕರಿಗೆ ಕಂಡಿತ್ತು. ಇದಕ್ಕೆ ಎಚ್ಚರಿಕೆಯ ಮಾತು ಸೇರಿಸಿದವರು ಲಾಯ್ಡ್ ಮಾರ್ಗನ್. ಅವರ ಟೋನಿ ಎಂಬ ನಾಯಿ ಬೇಲಿಯ ಸರಳುಗಳ ನಡುವೆ ತಲೆ ತೂರಿಸಿ, ಅಗಳಿ ಎತ್ತಿ, ಗೇಟು ತೆರೆದು ಹೊರಗೆ ಹೋಗುತ್ತಿತ್ತು. ನೋಡಿದವರಿಗೆ ಅದು ಮಹಾ ಬುದ್ಧಿವಂತಿಕೆ. ಆದರೆ ಮೊದಲಿನಿಂದ ಗಮನಿಸಿದ್ದ ಮಾರ್ಗನ್ನರಿಗೆ, ಎಷ್ಟೋ ಸಲ ಎಲ್ಲೆಲ್ಲೋ ತಲೆ ತೂರಿಸಿ ಆಕಸ್ಮಿಕವಾಗಿ ಕೈಗೂಡಿದ ಉಪಾಯವದು ಎಂಬುದು ಗೊತ್ತಿತ್ತು. ಸರಳ ಕಾರಣವೊಂದು ಸಾಕಾಗುವಲ್ಲಿ ಪ್ರಾಣಿಗೆ ಉನ್ನತ ಬುದ್ಧಿಯನ್ನು ಆರೋಪಿಸಬಾರದೆಂದು 1894ರಲ್ಲಿ ಅವರು ಹಾಕಿದ ಕಟ್ಟಳೆ ಇಂದಿಗೂ ಆ ಶಾಸ್ತ್ರದ ಬಾಗಿಲಲ್ಲಿ ನಿಂತಿದೆ.

ಆ ಕಟ್ಟಳೆಯ ಬೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಒಂದು ಕುದುರೆ. ಬರ್ಲಿನ್ನಿನ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ಶಿಕ್ಷಕರ ಹಾನ್ಸ್ ಲೆಕ್ಕ ಬಿಡಿಸಿ ಗೊರಸು ತಟ್ಟಿ ಉತ್ತರ ಹೇಳುತ್ತದೆಂದು 1904ರ ಹೊತ್ತಿಗೆ ಪ್ರಸಿದ್ಧವಾಗಿತ್ತು. ತಜ್ಞರ ಸಮಿತಿಗೆ ಮೋಸವೇನೂ ಕಾಣಲಿಲ್ಲ. ಓಸ್ಕರ್ ಫುಂಗ್ಸ್ಟ್ ತಾಳ್ಮೆಯಿಂದ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವರ ತಲೆ ತಮಗರಿವಿಲ್ಲದೆಯೇ ಕೂದಲೆಳೆಯಷ್ಟು ಚಲಿಸುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. 1907ರಲ್ಲಿ ಈ ವಿವರ ಪ್ರಕಟವಾದಾಗ ಹಾನ್ಸ್‌ಗೆ ಗಣಿತ ಬಾರದೆಂದು ಜನ ನಕ್ಕರು. ಸುತ್ತಲಿದ್ದ ವಿದ್ವಾಂಸರಾರೂ ಕಾಣದ ಚಲನೆಯನ್ನು ಕಂಡಿದ್ದು ಆ ಕುದುರೆಯೊಂದೇ ಎಂಬ ಸಂಗತಿಗೆ ಅಷ್ಟು ಮನ್ನಣೆ ಸಿಗಲಿಲ್ಲ.

ನಾಯಿಯ ಸರದಿ 1928ರಲ್ಲಿ ಬಂತು. ಅಮೆರಿಕದಲ್ಲಿ ಚಲನಚಿತ್ರಗಳಲ್ಲಿ ನಟಿಸಿದ್ದ ಫೆಲೋ ಎಂಬ ಜರ್ಮನ್ ಷೆಪರ್ಡ್ ನಾಯಿಗೆ ಸುಮಾರು 400 ಪದಗಳು ಗೊತ್ತೆಂದು ಅದರ ಒಡೆಯ ಹೇಳುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ವಾರ್ಡನ್ ಮತ್ತು ವಾರ್ನರ್ ಅದನ್ನು ಪರೀಕ್ಷಿಸುವಾಗ ಒಡೆಯರನ್ನು ನಾಯಿಯ ಕಣ್ಣಿಗೆ ಬೀಳದಂತೆ ಮರೆಯಲ್ಲಿ ನಿಲ್ಲಿಸಿ ಆಜ್ಞೆ ಕೊಡಿಸಿದರು. ಕೂರು, ಮಲಗು ಎಂಬಂಥ ಆಜ್ಞೆಗಳನ್ನು ಫೆಲೋ ದನಿ ಕೇಳಿಯೇ ಪಾಲಿಸಿತು. ಇಂಥ ವಸ್ತುವಿನ ಬಳಿ ಹೋಗು, ಅದನ್ನು ತಾ ಎಂಬಂಥವು ಮಾತ್ರ ಒಡೆಯನ ಮುಖ ಕಾಣದಿದ್ದರೆ ಎಡವಿದವು. ಪದಗಳಲ್ಲಿ ಒಂದಿಷ್ಟು, ಕಣ್ಣೋಟದಲ್ಲಿ ಒಂದಿಷ್ಟು ಎಂದು ನಾಯಿಯ ತಿಳಿವು ಹಂಚಿಕೊಂಡಿರುವುದು ಅಂದೇ ಗೋಚರವಾಗಿತ್ತು. ಆದರೆ ಮುಂದಿನ ಹಲವು ದಶಕ ಪ್ರಯೋಗಶಾಲೆಗಳನ್ನಾಳಿದ್ದು ಇಲಿ, ಪಾರಿವಾಳಗಳು. ಮನೆಯಲ್ಲಿ ಮನುಷ್ಯರ ನಡುವೆ ಕೆಟ್ಟು ಬೆಳೆದ ಕೃತಕ ಪ್ರಾಣಿಯೆಂದು ನಾಯಿಯನ್ನು ಬದಿಗಿರಿಸಲಾಯಿತು.

ಆ ಉಪೇಕ್ಷೆ ಮುರಿದದ್ದು ಹಂಗೇರಿಯಲ್ಲಿ. ಬುಡಾಪೆಸ್ಟಿನ ಎಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದ ವಿಲ್ಮೋಶ್ ಚಾನಿ ಮತ್ತು ಅವರ ಸಂಗಡಿಗರು 1994ರಲ್ಲಿ ಮನೆನಾಯಿಗಳ ಅಧ್ಯಯನಕ್ಕೆ ತೊಡಗಿದರು. ಮನುಷ್ಯರ ಮನೆಯೇ ನಾಯಿಯ ಸಹಜ ಪರಿಸರ, ಆದ್ದರಿಂದ ಅದನ್ನು ಅಲ್ಲಿಯೇ ನೋಡಬೇಕು ಎಂಬುದು ಅವರ ನಿಲುವು. 1998ರಲ್ಲಿ ಬುಡಾಪೆಸ್ಟಿನ ಆಡಾಮ್ ಮಿಕ್ಲೋಶಿಯವರ ತಂಡವೂ ಅಮೆರಿಕದ ಬ್ರಯಾನ್ ಹೇರ್ ಮತ್ತು ಮೈಕೆಲ್ ಟೊಮಾಸೆಲ್ಲೊ ಅವರೂ ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡರು: ಎರಡು ಬೋಗುಣಿಗಳಲ್ಲಿ ಯಾವುದರಡಿ ತಿಂಡಿಯಿದೆ ಎಂದು ಮನುಷ್ಯನು ಬೆರಳು ತೋರಿದರೆ ನಾಯಿ ಅದನ್ನು ಗ್ರಹಿಸುತ್ತದೆ. ನಮಗೆ ಹತ್ತಿರದ ಬಂಧುವಾದ ಚಿಂಪಾಂಜಿಗೆ ಇಂಥ ಪರೀಕ್ಷೆಗಳು ಕಠಿಣವಾಗಿದ್ದವು. 2003ರಲ್ಲಿ ಮಿಕ್ಲೋಶಿಯವರ ತಂಡ, ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಿಗೂ ನಾಯಿಗಳಿಗೂ ಬಿಡಿಸಲಾಗದ ಸಮಸ್ಯೆಯನ್ನು ಕೊಟ್ಟು ನೋಡಿತು. ತೋಳಗಳು ತಾವೇ ಎಳೆದಾಡುತ್ತಿದ್ದವು. ನಾಯಿಗಳು ಬೇಗನೆ ಹಿಂದಿರುಗಿ ಮನುಷ್ಯನ ಮುಖ ನೋಡಿದವು.

ಇದು ಹುಟ್ಟಿನಿಂದ ಬಂದದ್ದೋ ಬಾಳಿ ಕಲಿತದ್ದೋ ಎಂಬ ಚರ್ಚೆ ಮುಗಿದಿಲ್ಲ. ಚೆನ್ನಾಗಿ ಪಳಗಿದ ತೋಳಗಳೂ ಬೆರಳಿನ ಸನ್ನೆ ಹಿಡಿಯಬಲ್ಲವೆಂದು ಆಮೇಲೆ ತೋರಿಸಿದವರಿದ್ದಾರೆ. ಈ ಚರ್ಚೆಗೆ ನಮ್ಮ ದೇಶದಿಂದ ಬಂದ ಸಾಕ್ಷ್ಯ ಬೆಲೆಯುಳ್ಳದ್ದು. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿಯ 160 ನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿತು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಸುಮಾರು ಶೇಕಡ 80ರಷ್ಟು ಬೆರಳು ತೋರಿದ ಕಡೆಗೇ ಹೋದವು. ಯಾರೂ ತರಬೇತಿ ಕೊಡದ, ಕೊರಳಿಗೆ ಪಟ್ಟಿಯಿಲ್ಲದ ನಾಯಿಗಳಿವು. ಹತ್ತಿರ ಬಾರದ ಅರ್ಧದಷ್ಟು ನಾಯಿಗಳನ್ನು ದಡ್ಡವೆಂದು ತಳ್ಳಿಹಾಕುವಂತಿಲ್ಲ. ಅವು ಬೆದರಿದ ನಾಯಿಗಳು, ಮನುಷ್ಯನ ಕೈ ತಿಂಡಿಯನ್ನಷ್ಟೇ ಅಲ್ಲದೆ ಕಲ್ಲನ್ನೂ ಹಿಡಿಯುತ್ತದೆಂದು ಅರಿತವುಗಳೂ ಅವುಗಳಲ್ಲಿ ಇದ್ದಿರಬೇಕು.

ಇನ್ನು ಪದಗಳ ವಿಚಾರ. ಜರ್ಮನಿಯ ರಿಕೊ ಎಂಬ ಬಾರ್ಡರ್ ಕೋಲಿ ನಾಯಿಗೆ 200ಕ್ಕೂ ಹೆಚ್ಚು ಆಟಿಕೆಗಳ ಹೆಸರು ಗೊತ್ತಿತ್ತು. ಯೂಲಿಯಾನೆ ಕಾಮಿನ್ಸ್ಕಿ ಮತ್ತು ಸಂಗಡಿಗರು, ಹಾನ್ಸ್ ಕಲಿಸಿದ ಪಾಠವನ್ನು ಮರೆಯದೆ, ಆಟಿಕೆಗಳನ್ನು ಬೇರೆ ಕೋಣೆಯಲ್ಲಿಟ್ಟರು. ಅಲ್ಲಿ ರಿಕೊಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಪರಿಚಿತ ವಸ್ತುಗಳ ನಡುವೆ ಹೊಸದೊಂದನ್ನು ಇಟ್ಟು, ಎಂದೂ ಕೇಳದ ಹೆಸರು ಹೇಳಿ ತರಹೇಳಿದಾಗ ಹತ್ತರಲ್ಲಿ ಏಳು ಸಲ ಅದು ಹೊಸ ವಸ್ತುವನ್ನೇ ತಂದಿತು. 2004ರ ಈ ವರದಿಯ ನಂತರ ಅಮೆರಿಕದ ದಕ್ಷಿಣ ಕೆರೊಲಿನಾದ ನಿವೃತ್ತ ಪ್ರಾಧ್ಯಾಪಕ ಜಾನ್ ಪಿಲಿ ತಮ್ಮ ಚೇಸರ್ ಎಂಬ ನಾಯಿಗೆ ಮೂರು ವರ್ಷ ಪ್ರತಿದಿನ ಕಲಿಸಿ, 1,022 ವಸ್ತುಗಳ ಹೆಸರನ್ನು ಗುರುತಿಸುವಂತೆ ಮಾಡಿದರು. ಇವು ಅಪರೂಪದ ನಾಯಿಗಳು. ಎಲ್ಲ ನಾಯಿಗಳಿಗೂ ಸಾವಿರ ಪದ ಬಂದೀತೆಂದು ನಂಬುವುದಕ್ಕೆ ಆಧಾರವಿಲ್ಲ.

ಸಾಮಾನ್ಯ ನಾಯಿಗಳ ಬಗೆಗೆ ಹೆಚ್ಚು ಹೇಳುವ ಪ್ರಯೋಗ 2016ರಲ್ಲಿ ಬುಡಾಪೆಸ್ಟಿನಿಂದಲೇ ಬಂತು. ಅಟಿಲಾ ಆಂಡಿಚ್ ಮತ್ತು ಸಂಗಡಿಗರು 13 ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಕಟ್ಟಿಹಾಕದೆಯೇ ಅಲುಗದೆ ಮಲಗುವುದನ್ನು ಕಲಿಸಿ, ಅವುಗಳ ಮೆದುಳಿನ ಚಟುವಟಿಕೆಯನ್ನು ಅಳೆದರು. ಹೊಗಳಿಕೆಯ ಪದಗಳನ್ನು ಹೊಗಳುವ ದನಿಯಲ್ಲಿ ಹೇಳಿದಾಗ ಮಾತ್ರ ಮೆದುಳಿನಲ್ಲಿ ಸಂತೋಷಕ್ಕೆ ಸಂಬಂಧಿಸಿದ ಭಾಗ ಚುರುಕಾಯಿತು. ಬರಿದಾದ ದನಿಯಲ್ಲಿ ಹೊಗಳಿದರೂ, ಅರ್ಥವಿಲ್ಲದ ಪದವನ್ನು ಮುದ್ದಿನಿಂದ ಹೇಳಿದರೂ ಆ ಫಲವಿರಲಿಲ್ಲ. ಬಾಯಿಮಾತಿಗೂ ಮನಸ್ಸಿಗೂ ತಾಳೆಯಿದೆಯೇ ಎಂದು ನೋಡುವ ಈ ಗುಣವನ್ನು ನಾವು ಹಿರಿಯರಲ್ಲಿ ಮೆಚ್ಚುತ್ತೇವೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಆಪ್ತವಾಗುವ ಅಧ್ಯಯನ 2022ರದ್ದು. ಮೆಕ್ಸಿಕೋದಿಂದ ಬುಡಾಪೆಸ್ಟಿಗೆ ಉದ್ಯೋಗನಿಮಿತ್ತ ಬಂದ ಲೌರಾ ಕುವಾಯಾ ತಮ್ಮ ನಾಯಿ ಕುನ್-ಕುನ್‌ನನ್ನೂ ಕರೆತಂದರು. ಅಲ್ಲಿಯವರೆಗೆ ಅವರು ಅದರೊಡನೆ ಮಾತನಾಡಿದ್ದೆಲ್ಲ ಸ್ಪ್ಯಾನಿಷಿನಲ್ಲಿ. ಹೊಸ ಊರಿನ ಜನ ಬೇರೆ ನುಡಿಯಾಡುತ್ತಾರೆಂಬುದು ನಾಯಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಅವರಿಗೆ ಹುಟ್ಟಿತು. ಅವರೂ ಸಂಗಡಿಗರೂ 18 ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ‘ದಿ ಲಿಟ್ಲ್ ಪ್ರಿನ್ಸ್’ ಕಥೆಯ ಭಾಗಗಳನ್ನು ಸ್ಪ್ಯಾನಿಷ್ ಮತ್ತು ಹಂಗೇರಿಯನ್ ನುಡಿಗಳಲ್ಲಿ ಕೇಳಿಸಿದರು. ಮನೆಯ ನುಡಿಗೂ ಪರನುಡಿಗೂ ನಾಯಿಯ ಮೆದುಳು ಬೇರೆಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಈ ವಿವೇಚನೆ ಹೆಚ್ಚು ಸ್ಪಷ್ಟವಾಗಿತ್ತು. ಕಥೆಯ ಅರ್ಥ ಅವುಗಳಿಗೆ ತಿಳಿಯಿತೆಂದಲ್ಲ. ಮನೆಯ ಮಾತಿನ ನಾದ ತಿಳಿಯಿತು. ಮುಂಬೈಯಲ್ಲೋ ದೆಹಲಿಯಲ್ಲೋ ಬಾಗಿಲೊಳಗೆ ಕನ್ನಡ, ಬಾಗಿಲ ಹೊರಗೆ ಮರಾಠಿ ಅಥವಾ ಹಿಂದಿ ಎಂದು ಬದುಕುವ ನಮ್ಮ ಮನೆಗಳಲ್ಲಿ, ಮಕ್ಕಳು ಕನ್ನಡವನ್ನು ಕಿವಿಗೆ ಹಾಕಿಕೊಳ್ಳುತ್ತಿಲ್ಲವೆಂಬ ಕೊರಗು ಸಾಮಾನ್ಯ. ಅದೇ ಮನೆಯ ನಾಯಿಗೆ ಮಾತ್ರ ನಾವು ‘ಕಮ್’, ‘ಸಿಟ್’ ಎಂದು ಇಂಗ್ಲಿಷಿನಲ್ಲೇ ಹೇಳುತ್ತೇವೆ. ಹೊಸ್ತಿಲಿನ ಎರಡೂ ಕಡೆಯ ನುಡಿಗಳ ನಡುವಿನ ಗೆರೆಯನ್ನು ಅದು ನಮಗಿಂತ ಮೊದಲೇ ಗುರುತಿಸಿರಬಹುದು.

ಇಷ್ಟರವರೆಗೆ ನಾಯಿಯ ಕಡೆಯ ಲೆಕ್ಕವಾಯಿತು. ನಮ್ಮ ಕಡೆಯದು ಹೇಗಿದೆ? ಒಂದು ವಿಷಯದಲ್ಲಿ ಪರವಾಗಿಲ್ಲ. 2005ರಲ್ಲಿ ಪೇಟರ್ ಪೊಂಗ್ರಾತ್ಸ್ ಮತ್ತು ಸಂಗಡಿಗರು ಮೂಡಿ ಎಂಬ ಹಂಗೇರಿಯ ತಳಿಯ ನಾಯಿಗಳ ಬೊಗಳುವಿಕೆಯನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಅಪರಿಚಿತನನ್ನು ಕಂಡ ಬೊಗಳು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದು ಯಾವುದು, ಆಟದ್ದು ಯಾವುದು ಎಂಬುದನ್ನು ನಾಯಿ ಸಾಕದವರೂ ಬರಿಯ ಊಹೆಗಿಂತ ಚೆನ್ನಾಗಿಯೇ ಗುರುತಿಸಿದರು. ಕಿವಿ ನಮ್ಮನ್ನು ಕೈಬಿಡುವುದಿಲ್ಲ. ಎಡವುವುದು ಕಣ್ಣು. ನಾಯಿಯ ಬಾಲ ಡೊಂಕೆಂಬುದನ್ನು ಗಾದೆ ಮಾಡಿ ಆಡಿಕೊಂಡ ನಾವು ಅದು ಯಾವ ಕಡೆಗೆ ಆಡುತ್ತದೆಂದು ನೋಡಿರಲಿಲ್ಲ. ಒಡೆಯನನ್ನು ಕಂಡಾಗ ಬಾಲ ಬಲಕ್ಕೂ, ಎದುರಾಳಿಯಂತೆ ಕಾಣುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ವಾಲುತ್ತದೆಂದು ಇಟಲಿಯ ವಿಜ್ಞಾನಿಗಳು ಅಳೆದು ಹೇಳಿದ್ದು 2007ರಲ್ಲಿ. ಬಾಲ ಅಲ್ಲಾಡಿದರೆ ಪ್ರೀತಿ ಎಂಬ ಒಂದೇ ಅರ್ಥದಲ್ಲಿ ನಾವು ಸಾವಿರಾರು ವರ್ಷ ಕಳೆದಿದ್ದೆವು.

ಕಣ್ಣಿನ ಈ ದೋಷದ ಪರಿಣಾಮ ನಾಯಿಯ ಬೆನ್ನ ಮೇಲೆ ಬೀಳುತ್ತದೆ. ಮನೆಗೆ ಬಂದಾಗ ಚಪ್ಪಲಿ ಚಿಂದಿಯಾಗಿದೆ. ನಾಯಿ ಕಿವಿ ಮಡಚಿ, ಬಾಲ ಮುದುಡಿ, ಮುಖ ತಿರುಗಿಸಿದೆ. ತಪ್ಪು ಮಾಡಿದ್ದು ಅದಕ್ಕೆ ಗೊತ್ತಿದೆ ಎಂದು ತೀರ್ಮಾನಿಸಿ ನಾವು ಗದರುತ್ತೇವೆ, ಕೆಲವರು ಹೊಡೆಯುತ್ತಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳೊಡನೆ ಇದನ್ನು ಪರೀಕ್ಷಿಸಿದರು. ಮುಟ್ಟಬೇಡವೆಂದ ತಿಂಡಿಯ ಬಳಿ ನಾಯಿಯನ್ನು ಬಿಟ್ಟು ಒಡೆಯರು ಹೊರಗೆ ಹೋಗುತ್ತಿದ್ದರು. ಹಿಂದಿರುಗಿದಾಗ, ನಾಯಿ ತಿಂದಿದೆಯೆಂದು ಕೆಲವೊಮ್ಮೆ ಅವರಿಗೆ ಸುಳ್ಳು ಹೇಳಲಾಗುತ್ತಿತ್ತು. ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಅದರ ತಪ್ಪಿತಸ್ಥ ಮುಖಕ್ಕೂ ಸಂಬಂಧ ಕಾಣಲಿಲ್ಲ. ಗದರಿಸಿದಾಗ ಆ ಮುಖ ಬರುತ್ತಿತ್ತು. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ನಾವು ಪಶ್ಚಾತ್ತಾಪವೆಂದು ಓದುವುದು ನಮ್ಮ ಕೋಪವನ್ನು ಕಂಡ ನಾಯಿಯ ಅಂಜಿಕೆ. ಸರಮೆಯು ಯಾಗಶಾಲೆಯಲ್ಲಿ ಕೇಳಿದ ಪ್ರಶ್ನೆ ಇದೇ.

2025ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹಾಲಿ ಮೊಲಿನಾರೊ ಮತ್ತು ಕ್ಲೈವ್ ವಿನ್ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಇನ್ನಷ್ಟು ವಿಸ್ತರಿಸುತ್ತದೆ. ನಾಯಿಯ ಒಂದೇ ಚಿತ್ರಣವನ್ನು ಬೇರೆಬೇರೆ ಸನ್ನಿವೇಶಗಳಿಗೆ ಜೋಡಿಸಿ ಜನರಿಗೆ ತೋರಿಸಲಾಯಿತು. ಎದುರಿಗೆ ಇಷ್ಟದ ವಸ್ತುವಿದ್ದಂತೆ ಕಂಡರೆ ನಾಯಿ ಸುಖವಾಗಿದೆಯೆಂದೂ ಕಸ ಗುಡಿಸುವ ಯಂತ್ರವಿದ್ದಂತೆ ಕಂಡರೆ ಕಳವಳಗೊಂಡಿದೆಯೆಂದೂ ಅವರು ಹೇಳಿದರು. ನಾಯಿ ಬದಲಾಗಿರಲಿಲ್ಲ. ಅಂದರೆ ನಾವು ನೋಡುವುದು ನಾಯಿಯ ಸುತ್ತಮುತ್ತನ್ನು, ನಾಯಿಯನ್ನಲ್ಲ.

ಈ ಅಸಮತೆಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅನ್ನ, ಆಶ್ರಯ, ಪೆಟ್ಟು ಎಲ್ಲವೂ ಮನುಷ್ಯನ ಕೈಯಿಂದ ಬರುವಾಗ ಅವನ ಹುಬ್ಬಿನ ಚಲನೆಯನ್ನೂ ಓದಬೇಕಾದದ್ದು ನಾಯಿಗೆ ಜೀವನ್ಮರಣದ ಪ್ರಶ್ನೆ. ತೋಳದಲ್ಲಿ ಅಷ್ಟಾಗಿ ಬೆಳೆಯದ, ಒಳಹುಬ್ಬನ್ನು ಎತ್ತುವ ಸ್ನಾಯು ನಾಯಿಯಲ್ಲಿ ರೂಪುಗೊಂಡಿದೆಯೆಂದು 2019ರ ಅಧ್ಯಯನವೊಂದು ತೋರಿಸಿದೆ. ನಮ್ಮ ಕನಿಕರವನ್ನು ಎಬ್ಬಿಸುವ ಆ ನೋಟಕ್ಕೆ ನಾಯಿಯ ದೇಹವೇ ಬದಲಾಗಿದೆ. ನಮ್ಮ ಮೇಲೆ ಅಂಥ ಒತ್ತಾಯವೇನೂ ಇರಲಿಲ್ಲ. ಆಳುವವನು ಆಳಿನ ಮುಖವನ್ನು ಓದುವುದು ಅಪರೂಪವೆಂಬುದನ್ನು ಮನುಷ್ಯ ಸಮಾಜದ ಚರಿತ್ರೆಯೂ ಹೇಳುತ್ತದೆ.

ನಮ್ಮ ನಗರಗಳಲ್ಲಿ ಬೀದಿನಾಯಿಗಳನ್ನು ಕುರಿತು ಇಂದು ನಡೆಯುತ್ತಿರುವ ಜಗಳಗಳಲ್ಲಿ ಈ ಚರಿತ್ರೆಗೆ ಒಂದು ಉಪಯೋಗವಿದೆ. ಕಚ್ಚಿಸಿಕೊಂಡ ಮಗುವಿನ ನೋವೂ ಕಲ್ಲೇಟು ತಿಂದ ನಾಯಿಯ ನೋವೂ ಎರಡೂ ನಿಜ. ರೇಬಿಸ್ ಲಸಿಕೆ, ಸಂತಾನಹರಣ, ಕಸದ ವಿಲೇವಾರಿ ಇವು ಆಡಳಿತ ಮಾಡಬೇಕಾದ ಕೆಲಸಗಳು. ಮೈ ಬಿಗಿಹಿಡಿದು ದಿಟ್ಟಿಸುವ ನಾಯಿಯಿಂದ ದೂರ ಸರಿಯಬೇಕು. ಉಣ್ಣುವ, ಮಲಗಿದ, ಮರಿಗಳೊಡನಿರುವ ನಾಯಿಯನ್ನು ಕೆಣಕಬಾರದು. ಬಾಲ ಆಡಿದೆಯೆಂದ ಮಾತ್ರಕ್ಕೆ ಕೈಚಾಚಬಾರದು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ನಮ್ಮ ಕೆಲಸ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯ ಮೇಲೆ ಭಾರ ಹಾಕಿ ನಡೆಯುವುದಕ್ಕಿಂತ, ಬೊಗಳು ಏನನ್ನು ಹೇಳುತ್ತಿದೆಯೆಂದು ಒಂದು ಕ್ಷಣ ನಿಂತು ನೋಡುವುದು ಕ್ಷೇಮ.

ಹತ್ತನೆಯ ಶತಮಾನದ ಮಣಲೇರನು ಸತ್ತ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಅಷ್ಟು ಔದಾರ್ಯ ನಮ್ಮಿಂದ ಆಗದಿರಬಹುದು. ಬದುಕಿರುವ ನಾಯಿಯ ಕಿವಿ, ಕಣ್ಣು, ಬಾಲಗಳನ್ನು ಅದು ನಮ್ಮನ್ನು ನೋಡುವಷ್ಟೇ ಗಮನವಿಟ್ಟು ನೋಡಲು ಹೊಲವೂ ಬೇಡ, ಶಾಸನವೂ ಬೇಡ.